ತೂಕ ಇಳಿಸುವ ಆಪರೇಷನ್ ಆದ ಮೇಲೆ ಕಿಡ್ನಿ ಟೆಸ್ಟ್: ರಿಪೋರ್ಟ್ ನೋಡುವುದು ಹೇಗೆ

ಸುರತ್ಕಲ್ ಕಡೆಯ ಅಕ್ಕ ಒಬ್ರು ಮೊನ್ನೆ ಎರಡು ರಿಪೋರ್ಟ್ ಹಿಡ್ಕೊಂಡು ನಮ್ಮ ಲ್ಯಾಬಿಗೆ ಬಂದಿದ್ರು. 43 ವರ್ಷ, ಗ್ಯಾಸ್ಟ್ರಿಕ್ ಬೈಪಾಸ್ ಆಗಿ ಒಂದು ವರ್ಷ ಆಯ್ತು. ಮೊದಲು 115 ಕೆಜಿ ಇದ್ರು, ಈಗ 80. ಆಗ ಕ್ರಿಯಾಟಿನಿನ್ (ರಕ್ತದಲ್ಲಿರುವ, ಕಿಡ್ನಿ ಸೋಸಿ ಹೊರಹಾಕುವ ಕಸ) 0.8, ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸ್ತದೆ ಅಂತ ಕ್ರಿಯಾಟಿನಿನ್ ನೋಡಿ ಹಾಕುವ ಅಂದಾಜು ಲೆಕ್ಕ) 94, ಈಗ 0.6 ಮತ್ತು 114. "ಕಿಡ್ನಿ ಒಳ್ಳೆದಾಯ್ತಲ್ಲ ಅಣ್ಣ, ಇನ್ನು ಟೆಸ್ಟ್ ಎಂತಕೆ?" ಅಂತ ಕೇಳಿದ್ರು. ಟೆಸ್ಟ್ ಬೇಕೇ ಬೇಕು ಅಂದೆ. ಅವ್ರಿಗೆ ಹೇಳಿದ್ದನ್ನೇ ಇಲ್ಲಿ ಬರೀತೇನೆ.

ಕ್ರಿಯಾಟಿನಿನ್ ಬರುವುದು ಮಾಂಸಖಂಡದಿಂದ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗ್ತದೆ, ಹಾಗಾಗಿ ಕಿಡ್ನಿ ಇದ್ದ ಹಾಗೇ ಇದ್ರೂ ಕ್ರಿಯಾಟಿನಿನ್ ಇಳೀತದೆ, ಮಷಿನ್ ಇಜಿಎಫ್‌ಆರ್ ಜಾಸ್ತಿ ತೋರಿಸ್ತದೆ.

ಎರಡನೇದು, ರಿಪೋರ್ಟಲ್ಲಿ ಆ ಸಂಖ್ಯೆಯ ಪಕ್ಕದಲ್ಲಿ 1.73 ಚದರ ಮೀಟರ್ ಅಂತ ಬರೆದಿರ್ತದೆ ನೋಡಿ, ಅಂದ್ರೆ ಎಲ್ಲರ ಮೈಯೂ ಅಷ್ಟೇ ಅಗಲ ಅಂತ ಇಟ್ಕೊಂಡು ಹಾಕಿದ ಲೆಕ್ಕ ಅದು, ದಪ್ಪ ಇರುವವರಿಗೆ ಇದು ಹೊಂದುವುದಿಲ್ಲ. ನಿಮ್ಮದನ್ನು ನೀವೇ ತೆಗೀಬಹುದು: ಎತ್ತರ ಸೆಂಟಿಮೀಟರಲ್ಲಿ, ತೂಕ ಕೆಜಿಯಲ್ಲಿ, ಗುಣಿಸಿ 3600ರಿಂದ ಭಾಗಿಸಿ, ವರ್ಗಮೂಲ ತೆಗೀರಿ. ಅಕ್ಕನ ಎತ್ತರ 160, ಆಗ 2.26 ಬಂತು, ಈಗ 1.89. ಇಜಿಎಫ್‌ಆರನ್ನು ಇದ್ರಿಂದ ಗುಣಿಸಿ 1.73ರಿಂದ ಭಾಗಿಸಿದ್ರೆ ಆಗ 123, ಈಗ ಸುಮಾರು 124. ರಿಪೋರ್ಟಲ್ಲಿ ಇಪ್ಪತ್ತು ಏರಿದ್ದು ಇಲ್ಲಿ ಏರಿಯೇ ಇಲ್ಲ ಮಾರಾಯ್ರೆ! ಅದ್ರಲ್ಲೂ ಮಾಂಸಖಂಡ ಕರಗಿದ್ದು ಈ ಲೆಕ್ಕಕ್ಕೆ ಸಿಕ್ಕಿಲ್ಲ, ನಿಜವಾದ್ದು ಇನ್ನೂ ಕಡಿಮೆ ಇರಬಹುದು. ಕಡಿಮೆ ಆದ್ರೆ ಕೂಡ್ಲೇ ಹೆದರ್ಬೇಡಿ, ದಪ್ಪ ಇರುವಾಗ ಕಿಡ್ನಿ ಮಿತಿಮೀರಿ ಸೋಸ್ತಾ ಇರ್ತದೆ, ತೂಕ ಇಳಿದ ಮೇಲೆ ಆ ಒತ್ತಡ ಇಳಿಯುವುದು ಒಳ್ಳೆಯದೇ. ಮದ್ದಿನ ಡೋಸ್ ನಿರ್ಧರಿಸುವಾಗ ಡಾಕ್ಟರಿಗೆ ನೀವು ಹೀಗೆ ಲೆಕ್ಕ ಹಾಕಿದ ಸಂಖ್ಯೆಯನ್ನೂ ತೋರಿಸಿ.

ಹಾಗಾದ್ರೆ ಎಂತ ಟೆಸ್ಟ್ ಮಾಡಿಸುವುದು? ಸಿಸ್ಟಾಟಿನ್ ಸಿ ಕೇಳಿ, ಅದೂ ಕಿಡ್ನಿ ನೋಡುವ ರಕ್ತದ ಟೆಸ್ಟೇ. ಅದಕ್ಕೂ ಮಾಂಸಖಂಡಕ್ಕೂ ಅಷ್ಟು ಸಂಬಂಧ ಇಲ್ಲ. ಆದ್ರೆ ಬೊಜ್ಜು, ಥೈರಾಯ್ಡ್, ಸ್ಟೀರಾಯ್ಡ್ ಮಾತ್ರೆ, ಬೀಡಿ ಸಿಗರೇಟು ಇವೆಲ್ಲ ಅದನ್ನು ಏರುಪೇರು ಮಾಡ್ತವೆ, ಹಾಗಾಗಿ ಕ್ರಿಯಾಟಿನಿನ್, ಸಿಸ್ಟಾಟಿನ್ ಸಿ ಎರಡನ್ನೂ ಸೇರಿಸಿದ ಇಜಿಎಫ್‌ಆರ್ ಹೆಚ್ಚು ನಂಬಿಕೆಯದ್ದು, ಕೆಡಿಗೋ (ಕಿಡ್ನಿ ಚಿಕಿತ್ಸೆಗೆ ಮಾರ್ಗಸೂಚಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ) ಅವರ 2024ರ ಮಾರ್ಗಸೂಚಿಯಲ್ಲೂ ಕ್ರಿಯಾಟಿನಿನ್ ನಂಬ್ಲಿಕ್ಕೆ ಆಗದ ಕಡೆ ಇದನ್ನೇ ಮಾಡಿ ಅಂತ ಉಂಟು. ಜೊತೆಗೆ ಬೆಳಿಗ್ಗೆ ಎದ್ದ ಕೂಡ್ಲೇ ಹೋಗುವ ಮೂತ್ರದಲ್ಲಿ ಅಲ್ಬುಮಿನ್ (ಒಂದು ಪ್ರೋಟೀನ್) ಕ್ರಿಯಾಟಿನಿನ್ ಅನುಪಾತ ನೋಡಿಸಿ, ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಅಲ್ಬುಮಿನ್ 30 ಮಿಲಿಗ್ರಾಂಗಿಂತ ಕೆಳಗೆ ಇರ್ಬೇಕು. ಇದನ್ನು ದಯವಿಟ್ಟು ಬಿಡ್ಬೇಡಿ, ಕೆಲವರಿಗೆ ರಕ್ತದಲ್ಲಿ ಎಲ್ಲ ಸರಿ ಇದ್ರೂ ಮೂತ್ರದಲ್ಲಿ ಮೊದಲು ಗೊತ್ತಾಗ್ತದೆ. ಇಷ್ಟೆಲ್ಲ ಆಗಿಯೂ ಅನುಮಾನ ಇದ್ರೆ ಕಿಡ್ನಿ ಎಷ್ಟು ಸೋಸ್ತದೆ ಅಂತ ಅಳೆಯುವ ಡಿಟಿಪಿಎ ಸ್ಕ್ಯಾನ್ ಉಂಟು, ಅದು ಡಾಕ್ಟರ್ ಹೇಳಿದ್ರೆ ಮಾತ್ರ.

ಟೆಸ್ಟಿನ ಹಿಂದಿನ ರಾತ್ರಿ ಕೋರಿ ರೊಟ್ಟಿ, ಸುಕ್ಕ ಬೇಡ, ಬೇಯಿಸಿದ ಮಾಂಸ ತಿಂದ್ರೆ ಕ್ರಿಯಾಟಿನಿನ್ ಏರ್ತದೆ. ವಾಂತಿ ಭೇದಿ ಇದ್ದಾಗಲೂ ಮಾಡಿಸ್ಬೇಡಿ, ನೀರು ಕಡಿಮೆಯಾಗಿ ಸಂಖ್ಯೆ ತಪ್ಪು ಬರ್ತದೆ (ಆದ್ರೆ ವಾಂತಿ ನಿಲ್ಲದಿದ್ರೆ ಡಾಕ್ಟರ್ ಹತ್ರ ಓಡಿ). ಪ್ರತಿ ರಿಪೋರ್ಟಿನ ಮೇಲೆ ಆ ದಿನದ ತೂಕವನ್ನು ಪೆನ್ನಲ್ಲಿ ಬರೆದಿಡಿ, ಅದಿಲ್ಲದಿದ್ರೆ ಮುಂದೆ ಹೋಲಿಸ್ಲಿಕ್ಕೆ ಆಗುವುದಿಲ್ಲ.

ಬೈಪಾಸ್ ಆದವರಿಗೆ ಇನ್ನೊಂದು. ಅರಗದ ಕೊಬ್ಬು ಕರುಳಲ್ಲಿ ಕ್ಯಾಲ್ಸಿಯಂ ಹಿಡ್ಕೊಳ್ತದೆ, ಆಗ ಕ್ಯಾಲ್ಸಿಯಂ ಹಿಡಿದಿಡ್ಬೇಕಿದ್ದ ಆಕ್ಸಲೇಟ್ (ಕೆಲವು ಸೊಪ್ಪು, ಹಣ್ಣಿನಲ್ಲಿ ಇರುವ ಅಂಶ) ಬಿಡುಗಡೆಯಾಗಿ ರಕ್ತಕ್ಕೆ ಸೇರಿ ಕಿಡ್ನಿಗೆ ಬಂದು ಕಲ್ಲಾಗ್ತದೆ. ಆಟಿಯಲ್ಲಿ ಪತ್ರೊಡೆ, ದಿನಾ ಹರಿವೆ, ಬಸಳೆ, ದಾರೆಹುಳಿ ಅಂತ ತಿನ್ನುವವರು ಸ್ವಲ್ಪ ಹಿಡಿತದಲ್ಲಿರಿ, ಇವುಗಳಲ್ಲಿ ಆಕ್ಸಲೇಟ್ ಜಾಸ್ತಿ, ನೀರು ಜಾಸ್ತಿ ಕುಡೀರಿ, ಕಲ್ಲಿನ ತೊಂದ್ರೆ ಇದ್ರೆ 24 ಗಂಟೆಯ ಮೂತ್ರದಲ್ಲಿ ಆಕ್ಸಲೇಟ್ ನೋಡಿಸಿ. ಸೊಂಟ ನೋವಿಗೆ ಅಂತ ಮೆಡಿಕಲಲ್ಲಿ ಡೈಕ್ಲೋಫೆನಾಕ್ ಕೇಳಿ ತಗೊಳ್ಳುವುದು ಬೇಡವೇ ಬೇಡ, ಕಿಡ್ನಿಗೂ ಹಾಳು, ಆಪರೇಷನ್ ಆದ ಹೊಟ್ಟೆಯಲ್ಲಿ ಹುಣ್ಣೂ ಆಗ್ತದೆ.