ಹೋಟೆಲ್ ಹಾಲ್ ಬಿಟ್ಟು ಮೋಟರ್ ಶೆಡ್‌ನಲ್ಲಿ ಲಾಂಚ್ ಮಾಡಿದೆವು: ನನ್ನ ಅನುಭವ

ದೊಡ್ಡ ಲಾಂಚ್ ಕಾರ್ಯಕ್ರಮ ಮಾಡದೆ ಹೊಸ ಸಾಧನ ಮಾರಲು ಆಗುವುದಿಲ್ಲ ಎಂದು ನನಗೆ ಹೇಳದವರಿಲ್ಲ. ಬೆಂಗಳೂರಿನ ಗೆಳೆಯರು ಹೇಳಿದರು, ಶಿವಮೊಗ್ಗದ ಡೀಲರ್‌ಗಳು ಹೇಳಿದರು, ಸಾಲ ಕೊಟ್ಟ ನೆಂಟರೂ ಹೇಳಿದರು. ಈಗ ತೋಟದ ನೀರಿನ ಮೋಟರನ್ನು ಫೋನಿನಿಂದಲೇ ಓಡಿಸುವ ನಮ್ಮ ಮೊಬೈಲ್ ಸ್ಟಾರ್ಟರ್ ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪದ ಕಡೆ ಹತ್ತಿರ ಹತ್ತಿರ ಸಾವಿರ ಮೋಟರ್ ಶೆಡ್‌ಗಳಲ್ಲಿ ಓಡುತ್ತಿದೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ. ಮಿಸ್ಡ್ ಕಾಲ್ ಕೊಟ್ಟರೆ ಮೋಟರ್ ಆನ್ ಆಗುವುದು, ಮೂರು ಫೇಸ್ ಕರೆಂಟಿನಲ್ಲಿ ಒಂದು ಫೇಸ್ ಹೋದರೆ ಟ್ರಿಪ್ ಆಗಿ ಮೋಟರ್ ತಾನೇ ನಿಲ್ಲುವುದು, ನೀರಿಲ್ಲದೆ ಮೋಟರ್ ಓಡುವ ಡ್ರೈ ರನ್ ತಡೆಯುವುದು, ಇದೆಲ್ಲ ಈ ಕೆಲಸದಲ್ಲಿ ಇರುವವರಿಗೆ ಗೊತ್ತಿರುವುದೇ. ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಮೊದಲು ದುಡ್ಡಿನ ಲೆಕ್ಕ. ನಾವೂ ಮೊದಲು ಎಲ್ಲರ ಮಾತು ಕೇಳಿ ಹೋಟೆಲ್ ಹಾಲ್‌ನಲ್ಲೇ ಲಾಂಚ್ ಮಾಡಿದ್ದೆವು. ಬೆಂಗಳೂರಿನ ಒಂದು ಏಜೆನ್ಸಿ ಎಲ್ಲ ವಹಿಸಿಕೊಂಡಿತು. ಹಾಲ್ ಮತ್ತು ಊಟಕ್ಕೆ ಒಂದೂವರೆ ಲಕ್ಷ ದಾಟಿತು. ಎಲ್‌ಇಡಿ ಗೋಡೆ, ಸೌಂಡು ಸೇರಿ ತೊಂಬತ್ತು ಸಾವಿರ. ಏಜೆನ್ಸಿಯ ಫೀಸು ಒಂದು ಲಕ್ಷ. ನಿರೂಪಕಿ, ಆಹ್ವಾನ ಪತ್ರಿಕೆ, ಬಂದವರಿಗೆ ಕೊಟ್ಟ ಬ್ಯಾಗು, ಎಲ್ಲ ಕೂಡಿದರೆ ನಾಲ್ಕೂವರೆ ಲಕ್ಷದ ಹತ್ತಿರ ಹೋಯಿತು. ಇನ್ನೂರು ಜನ ಬಂದರು. ಮದುವೆಗೆ ಬಂದ ಹಾಗೆ ಬಂದು, ಉಂಡು, ಒಳ್ಳೆಯದಾಗಲಿ ಎಂದು ಹೇಳಿ ಹೋದರು. ಆ ತಿಂಗಳು ಮಾರಾಟವಾದದ್ದು ಹತ್ತು ಪೀಸು ಇರಬೇಕು. ಒಂದು ಪೀಸಿನ ಬೆಲೆ 6,500 ರೂಪಾಯಿ. ಅದನ್ನು ಮಾರಲು ಪೀಸಿಗೆ 45,000 ಖರ್ಚು!

ಯಾಕೆ ಹೀಗಾಯಿತು ಎಂದು ತುಂಬ ದಿನ ಯೋಚನೆ ಮಾಡಿದೆ. ಕಾರ್ಯಕ್ರಮ ನಡೆದದ್ದು ನವೆಂಬರ್‌ನಲ್ಲಿ. ಹಾಲ್ ಖಾಲಿ ಸಿಕ್ಕ ದಿನಕ್ಕೆ ಏಜೆನ್ಸಿ ದಿನಾಂಕ ಗೊತ್ತು ಮಾಡಿತ್ತು. ನವೆಂಬರ್ ಅಂದರೆ ಅಡಿಕೆ ಕೊಯ್ಲು. ಮರ ಹತ್ತಿ ಗೊನೆ ಕೊಯ್ಯುವ ಕೊನೆಗಾರ ಸಿಕ್ಕನೋ ಇಲ್ಲವೋ, ಸುಲಿಯುವವರು ಬಂದರೋ ಇಲ್ಲವೋ, ಬೇಯಿಸಿದ್ದು ಒಣಗಿತೋ ಇಲ್ಲವೋ, ಬೆಳೆಗಾರನ ತಲೆಯಲ್ಲಿ ಅದೇ ಇರುತ್ತದೆ. ಮಳೆ ಮುಗಿದು ತೋಟ ಇನ್ನೂ ತಂಪಾಗಿರುತ್ತದೆ, ಮೋಟರ್ ನೆನಪೇ ಬರುವುದಿಲ್ಲ. ಎರಡನೆಯದು ಇನ್ನೂ ಮುಖ್ಯ. ಆ ಹಾಲ್‌ನಲ್ಲಿ ತ್ರೀ ಫೇಸ್ ಮೋಟರ್ ಓಡಿಸಿ ತೋರಿಸಲು ಸಾಧ್ಯವೇ ಇರಲಿಲ್ಲ. ಬಲ್ಬ್ ಉರಿಸಿದೆವು, ಗೋಡೆಯ ಮೇಲೆ ಅನಿಮೇಷನ್ ಹಾಕಿದೆವು. ಬೇಸಿಗೆಯಲ್ಲಿ ಒಂದು ಫೇಸ್ ಹೋಗಿ ಮೋಟರ್ ಸುಟ್ಟು, ಒಳಗಿನ ತಂತಿ ಮತ್ತೆ ಸುತ್ತಿಸುವ ರಿವೈಂಡಿಂಗ್‌ಗೆ ಐದಾರು ಸಾವಿರ ಕೊಟ್ಟವನಿಗೆ ಅನಿಮೇಷನ್ ನೋಡಿ ನಂಬಿಕೆ ಬರುತ್ತದಾ?

ನಾನು ಈ ಮಾತು ಎತ್ತಿದರೆ ಗೆಳೆಯರು ಆಪಲ್ ಕಥೆ ತೆಗೆಯುತ್ತಿದ್ದರು. 2007ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಿಕೆಯಲ್ಲಿ ಸ್ಟೀವ್ ಜಾಬ್ಸ್ ಐಫೋನ್ ತೋರಿಸಿದರು, ಅಂಗಡಿಗೆ ಬಂದದ್ದು ಜೂನ್ ಕೊನೆಗೆ. ಅಷ್ಟು ತಿಂಗಳು ಜನ ಕಾದರು ನಿಜ. ಯಾಕೆಂದರೆ ಅಂಥ ವಸ್ತುವನ್ನು ಯಾರೂ ನೋಡಿರಲಿಲ್ಲ. ಯಾರೂ ಕಂಡಿರದ ವಸ್ತುವಿಗೆ ವೇದಿಕೆ ಬೇಕು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಅದೇ ಆಪಲ್ 2019ರಲ್ಲಿ ಏರ್‌ಪಾಡ್ಸ್ ಪ್ರೋ ಇಯರ್‌ಫೋನ್ ಬಿಡುಗಡೆ ಮಾಡಿದ್ದು ಒಂದು ಪತ್ರಿಕಾ ಪ್ರಕಟಣೆಯಲ್ಲಿ. 2020ರ ಜೂನ್‌ನಿಂದ ಅವರ ಕಾರ್ಯಕ್ರಮಗಳೂ ಮೊದಲೇ ಚಿತ್ರೀಕರಿಸಿದ ಸಿನಿಮಾ ಥರ ಆಗಿವೆ. ಚಾಟ್‌ಜಿಪಿಟಿ 2022ರ ನವೆಂಬರ್ 30ರಂದು ಬಂದಾಗ ಯಾವ ವೇದಿಕೆಯೂ ಇರಲಿಲ್ಲ, ಐದೇ ದಿನದಲ್ಲಿ ಹತ್ತು ಲಕ್ಷ ಜನ ಸೇರಿದರು. ವಿಡಿಯೋ ಗೇಮ್ ಕಂಪನಿಗಳ ದೊಡ್ಡ ಜಾತ್ರೆ ಇ3 ಶುರುವಾದದ್ದು 1995ರಲ್ಲಿ. 2023ರ ಡಿಸೆಂಬರ್‌ನಲ್ಲಿ ಅದನ್ನು ಶಾಶ್ವತವಾಗಿ ಮುಚ್ಚಿಬಿಟ್ಟರು. ಕಂಪನಿಗಳು ತಮ್ಮ ತಮ್ಮ ವಿಡಿಯೋ ಹಾಕಿಕೊಂಡು ನೇರವಾಗಿ ಗಿರಾಕಿಗೆ ಹೇಳಲು ಕಲಿತ ಮೇಲೆ ಅಷ್ಟು ಬಾಡಿಗೆ ಕೊಟ್ಟು ಅಲ್ಲಿ ಯಾಕೆ ನಿಲ್ಲಬೇಕು?

ನನಗೆ ನಿಜವಾಗಿ ದಾರಿ ತೋರಿಸಿದ್ದು ಜಿಯೋ. 2016ರ ಸೆಪ್ಟೆಂಬರ್ 1ರಂದು ಮುಕೇಶ್ ಅಂಬಾನಿ ರಿಲಯನ್ಸ್ ಷೇರುದಾರರ ಸಭೆಯಲ್ಲಿ ಘೋಷಣೆ ಮಾಡಿದ್ದು ಎಲ್ಲರಿಗೂ ನೆನಪಿದೆ. ಅದಕ್ಕೆ ಮೊದಲು, 2015ರ ಡಿಸೆಂಬರ್‌ನಿಂದಲೇ, ಅವರು ತಮ್ಮ ನೌಕರರ ಕೈಗೆ ಸಿಮ್ ಕೊಟ್ಟು ನೆಟ್‌ವರ್ಕ್ ಓಡಿಸುತ್ತಿದ್ದರು. ವೇದಿಕೆ ಬಂದದ್ದು ಕೊನೆಗೆ. ಉಲ್ಟಾ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಟೆಸ್ಲಾದ ಸೈಬರ್‌ಟ್ರಕ್ ಇದೆ. 2019ರ ನವೆಂಬರ್‌ನಲ್ಲಿ ವೇದಿಕೆಯ ಮೇಲೆಯೇ ಗಾಜು ಬಿರುಕು ಬಿಟ್ಟಿತು, ಗಿರಾಕಿಗೆ ಗಾಡಿ ಸಿಗಲು 2023ರ ನವೆಂಬರ್ ಕೊನೆ ಬರಬೇಕಾಯಿತು. ಅವರ ಹತ್ತಿರ ದುಡ್ಡಿದೆ, ತಡೆದುಕೊಳ್ಳುತ್ತಾರೆ. ನಮ್ಮ ಹೊಸನಗರದ ಕಡೆ ಇವತ್ತು ಹೇಳಿ ಆರು ತಿಂಗಳಿಗೆ ತಂದುಕೊಟ್ಟರೆ ಎರಡನೇ ಸಲ ಯಾರೂ ಬಾಗಿಲು ತೆಗೆಯುವುದಿಲ್ಲ.

ಹಾಗಾಗಿ ಮೊದಲು ಓಡಿಸುವುದು, ಲಾಂಚ್ ಕೊನೆಗೆ ಎಂದು ತೀರ್ಮಾನ ಮಾಡಿದೆವು. ನಲವತ್ತು ಚಿಲ್ಲರೆ ಪೀಸು ಪುಕ್ಕಟೆ ಕೊಟ್ಟೆವು. ಒಂದಕ್ಕೆ ನಮಗೆ ಬೀಳುವ ಖರ್ಚು ಆಗ 3,200 ರೂಪಾಯಿ. ಒಂದು ಊರಿಗೆ ಒಂದೇ ಪೀಸು. ಒಂದು ಪೂರ್ತಿ ಬೇಸಿಗೆ, ಜನವರಿಯಿಂದ ಮೇವರೆಗೆ. ಆ ಒಂದು ಮನೆ ಯಾವುದು ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಊರಿನ ದೊಡ್ಡ ಮನೆಗೆ ಕೊಡಬೇಡಿ, ಅಲ್ಲಿ ಮೋಟರ್ ಆನ್ ಮಾಡಲು ಆಳು ಇರುತ್ತಾನೆ. ತೋಟ ಮನೆಯಿಂದ ದೂರ ಇರುವವರನ್ನು ಹುಡುಕಿ. ಇನ್ನೂ ಎರಡು ವಿಷಯ ನೋಡಿ ನಾವು ಮನೆ ಆರಿಸುತ್ತೇವೆ, ಅದು ನಮ್ಮಲ್ಲೇ ಇರಲಿ.

ಶಿವಮೊಗ್ಗದ ಬಿ.ಎಚ್. ರಸ್ತೆಯ ಡೀಲರ್ ಒಬ್ಬರು ಆಗ ಹೇಳಿದ್ದು ನೆನಪಿದೆ: ‘ಪುಕ್ಕಟೆ ಕೊಟ್ಟ ವಸ್ತುವಿಗೆ ಬೆಲೆ ಇರಲ್ಲ, ಕಿತ್ತು ಅಟ್ಟಕ್ಕೆ ಹಾಕ್ತಾರೆ.’ ಮೂರೋ ನಾಲ್ಕೋ ಮನೆಯಲ್ಲಿ ಹಾಗೇ ಆಯಿತು. ಉಳಿದ ಮನೆಗಳಲ್ಲಿ ಆಗಲಿಲ್ಲ. ಕಾರಣ, ಪ್ರತಿ ಹದಿನೈದು ದಿನಕ್ಕೊಮ್ಮೆ ನಮ್ಮ ಹುಡುಗ ಹೋಗಿ ಶೆಡ್ ನೋಡಿ ಬರುತ್ತಿದ್ದ.

ಆ ಬೇಸಿಗೆಯಲ್ಲಿ ಕೆಟ್ಟದ್ದು ಒಂದೆರಡಲ್ಲ. ಸ್ಟಾರ್ಟರ್‌ನ ಕಬ್ಬಿಣದ ಡಬ್ಬದ ಒಳಗೆ ಆಂಟೆನಾ ಇಟ್ಟಲ್ಲಿ ಸಿಗ್ನಲ್ ಬರಲಿಲ್ಲ, ಎಲ್ಲ ಕಡೆ ವೈರು ಎಳೆದು ಹೊರಗೆ ಸೂರಿಗೆ ಕಟ್ಟಬೇಕಾಯಿತು. ಆಗುಂಬೆ ಹತ್ತಿರದ ಎರಡು ಕಣಿವೆಯಲ್ಲಿ ಎಷ್ಟು ಎತ್ತರಕ್ಕೆ ಕಟ್ಟಿದರೂ ಪ್ರಯೋಜನ ಆಗಲಿಲ್ಲ, ವಾಪಸ್ ತಂದೆವು. ಹಲ್ಲಿ ಒಳಗೆ ಹೋಗಿ ಕಾಂಟ್ಯಾಕ್ಟ್ ಮಧ್ಯೆ ಸಿಕ್ಕಿ ಸತ್ತು ಮೋಟರ್ ನಿಲ್ಲುತ್ತಿತ್ತು. ಬೆಚ್ಚಗಿರುವ ಡಬ್ಬಕ್ಕೆ ಹಲ್ಲಿ ಬಂದೇ ಬರುತ್ತದೆ, ಈಗ ಪ್ರತಿ ವೈರ್ ತೂತಿಗೂ ಸಂದು ಮುಚ್ಚುವ ರಬ್ಬರ್ ಗ್ಲ್ಯಾಂಡ್ ಹಾಕುತ್ತೇವೆ. ಸ್ಟಾರ್ಟರ್ ಒಳಗಿನ ಸಿಮ್‌ನ ರೀಚಾರ್ಜ್ ಮುಗಿದು ಇನ್‌ಕಮಿಂಗ್ ನಿಂತರೆ ‘ನಿಮ್ಮ ಮಷೀನ್ ಕೆಟ್ಟಿದೆ’ ಎಂದು ಫೋನ್ ಬರುತ್ತಿತ್ತು. ಅದಕ್ಕೆ ವರ್ಷದ ರೀಚಾರ್ಜ್ ನಾವೇ ಮಾಡಿಸಿ ಬೆಲೆಯಲ್ಲಿ ಸೇರಿಸಿದೆವು.

ದೊಡ್ಡ ಪೆಟ್ಟು ಬಿದ್ದದ್ದು ಏಪ್ರಿಲ್ ಕೊನೆಗೆ. ಮುಂಗಾರಿಗೆ ಮುಂಚಿನ ಗುಡುಗು ಮಳೆ ಮಲೆನಾಡಿನವರಿಗೆ ಗೊತ್ತು. ತೀರ್ಥಹಳ್ಳಿ ಕಡೆ ಒಂದೇ ರಾತ್ರಿ ಏಳೆಂಟು ಬೋರ್ಡ್ ಸುಟ್ಟವು. ಕಾಡಿನ ಮಧ್ಯೆ ಕಿಲೋಮೀಟರ್‌ಗಟ್ಟಲೆ ಬರುವ ಲೈನಿನಲ್ಲಿ ಸಿಡಿಲಿನ ಸರ್ಜ್, ಅಂದರೆ ಒಮ್ಮೆಲೇ ಏರುವ ವೋಲ್ಟೇಜ್, ನೇರ ಒಳಗೆ ಬರುತ್ತದೆ. ಸರ್ಜ್ ತಡೆಯಬೇಕಾದ ಎಂಒವಿ ಎಂಬ ಬಿಡಿಭಾಗ ಒಡೆದು ಪುಡಿಯಾಗಿತ್ತು, ಅದರ ಹಿಂದಿನ ಪವರ್ ಸಪ್ಲೈಯೂ ಹೋಗಿತ್ತು. ಆಮೇಲೆ ಎರಡು ಬಿಡಿಭಾಗ ಸೇರಿಸಿ ಬೋರ್ಡ್ ಮತ್ತೆ ವಿನ್ಯಾಸ ಮಾಡಿದೆವು. ಪೀಸಿಗೆ ಇನ್ನೂರು ರೂಪಾಯಿ ಜಾಸ್ತಿ ಆಯಿತು. ಅವು ಯಾವ ಭಾಗ ಎಂದು ಇಲ್ಲಿ ಬರೆಯುವುದಿಲ್ಲ, ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಶೆಡ್‌ನ ಅರ್ತಿಂಗ್ ಸರಿ ಮಾಡಿಸದೆ ಏನು ಹಾಕಿದರೂ ದಂಡ ಎಂದು ಮಾತ್ರ ಹೇಳುತ್ತೇನೆ. ಮುಂದಿನ ಬೇಸಿಗೆಯಲ್ಲಿ ಸಿಡಿಲಿಗೆ ಹೋದದ್ದು ನೂರಕ್ಕೆ ಒಂದೆರಡು ಅಷ್ಟೇ. ಹೋಟೆಲ್ ಲಾಂಚ್ ಯಶಸ್ವಿಯಾಗಿ ಮೊದಲ ಬೋರ್ಡ್‌ಗಳೇ ಐನೂರು ಮನೆಗೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಯೋಚನೆ ಮಾಡಿ. ಅಂಗಡಿ ಮುಚ್ಚಬೇಕಿತ್ತು.

ರಿವೈಂಡಿಂಗ್ ಅಂಗಡಿಯವರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಫೇಸ್ ಹೋದಾಗ ಮೋಟರ್ ಉಳಿದ ಎರಡು ಫೇಸ್‌ನಿಂದ ಹೆಚ್ಚು ಕಡಿಮೆ 1.7 ಪಟ್ಟು ಕರೆಂಟ್ ಎಳೆಯುತ್ತದೆ, ವೈಂಡಿಂಗ್ ಸುಡುತ್ತದೆ. ಅದರಲ್ಲೇ ಅವರ ಜೀವನ. ಮೋಟರ್ ಸುಡದ ಹಾಗೆ ಮಾಡುವ ಸಾಧನವನ್ನು ಅವರು ಯಾಕೆ ಹೊಗಳುತ್ತಾರೆ ಎಂದು ಎಲ್ಲರೂ ಕೇಳಿದರು. ಆದರೆ ಬೆಳೆಗಾರ ಕೇಳುವುದು ಅವರನ್ನೇ. ಪತ್ರಿಕೆ ಏನು ಬರೆದರೂ, ಮೋಟರ್ ಎತ್ತಿ ಇಳಿಸುವ ಮೆಕ್ಯಾನಿಕ್ ‘ಬೇಡ’ ಅಂದರೆ ಮುಗಿಯಿತು. ಹಾಗಾಗಿ ಫಿಟ್ಟಿಂಗ್ ಪೂರ್ತಿ ಅವರಿಗೇ ಬಿಟ್ಟೆವು. ಒಂದಕ್ಕೆ 500 ರೂಪಾಯಿ, ಜೊತೆಗೆ ಪ್ರತಿ ವರ್ಷದ ಸರ್ವಿಸ್‌ನಲ್ಲಿ ಪಾಲು. ಆ ಪಾಲು ಎಷ್ಟು ಎನ್ನುವುದು ನಮಗೂ ಅವರಿಗೂ ಮಾತ್ರ ಗೊತ್ತು. ರಿವೈಂಡಿಂಗ್ ಬೇಸಿಗೆಯ ಕೆಲಸ, ಸರ್ವಿಸ್ ದುಡ್ಡು ವರ್ಷ ವರ್ಷ ಬರುತ್ತದೆ. ಈಗ ನಮ್ಮ ಮಾರಾಟದ ಅರ್ಧಕ್ಕಿಂತ ಜಾಸ್ತಿ ಅವರ ಕೌಂಟರ್‌ನಿಂದಲೇ ಆಗುತ್ತಿದೆ.

ಮಧ್ಯೆ ಬೇರೆ ಪ್ರಯೋಗಗಳನ್ನೂ ಮಾಡಿದೆವು. ಡ್ರೋನ್ ಹಾರಿಸಿ ಮೂವತ್ತೈದು ಸಾವಿರ ಖರ್ಚಿನಲ್ಲಿ ವಿಡಿಯೋ ಮಾಡಿಸಿದೆವು. ನೋಡಿದವರು ತುಂಬ. ಆದರೆ ಫೋನ್ ಬಂದದ್ದು ರಾಯಚೂರು, ವಿಜಯಪುರದಿಂದ. ಅಲ್ಲಿಗೆ ಹೋಗಿ ಸರ್ವಿಸ್ ಕೊಡಲು ನಮಗೆ ಆಗುವುದಿಲ್ಲ, ಆರ್ಡರ್ ತೆಗೆದುಕೊಳ್ಳಲಿಲ್ಲ. ಶಿವಮೊಗ್ಗದ ನವುಲೆಯ ಕೃಷಿ ಮೇಳದಲ್ಲಿ ಮಳಿಗೆ ಹಾಕಿದೆವು. ಮಾರಾಟ ಅಷ್ಟಕ್ಕಷ್ಟೆ, ಆದರೆ ಬೇರೆ ಸ್ಟಾರ್ಟರ್‌ಗಳಲ್ಲಿ ಏನೇನು ತೊಂದರೆ ಎಂದು ರೈತರು ನಿಂತು ಗಂಟೆಗಟ್ಟಲೆ ಹೇಳಿದರು. ಅದು ಬಾಡಿಗೆಗಿಂತ ಬೆಲೆಬಾಳುವ ಮಾಹಿತಿ. ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ವಾಟ್ಸಾಪ್ ಧ್ವನಿ ಸಂದೇಶ. ಪುಕ್ಕಟೆ ಪೀಸು ಪಡೆದವರು ತಮ್ಮ ಮಾತಿನಲ್ಲೇ ಅರ್ಧ ನಿಮಿಷ ಮಾತಾಡಿದ್ದನ್ನು ಡೇರಿ, ಸೊಸೈಟಿ ಗುಂಪುಗಳಿಗೆ ಹಾಕಿದರು. ನಾವು ಬರೆದುಕೊಟ್ಟು ಓದಿಸಿದ ಸಂದೇಶಕ್ಕೆ ಒಂದು ಫೋನೂ ಬರಲಿಲ್ಲ. ಕೆಮ್ಮುತ್ತಾ, ‘ರಾತ್ರಿ ಎರಡು ಗಂಟೆಗೆ ಕರೆಂಟ್ ಬಂದ್ರೆ ಈಗ ಹಾಸಿಗೆಯಿಂದ ಏಳಲ್ಲ’ ಎಂದವರ ಸಂದೇಶಕ್ಕೆ ಬಂದ ಫೋನ್‌ಗೆ ಲೆಕ್ಕ ಇಲ್ಲ.

ಇಷ್ಟೆಲ್ಲ ಆದ ಮೇಲೆ, ಮುಂದಿನ ವರ್ಷ ಫೆಬ್ರವರಿಯಲ್ಲಿ ನಮ್ಮ ಲಾಂಚ್ ಆಯಿತು. ಹೊಸನಗರ ತಾಲ್ಲೂಕಿನ ಒಬ್ಬ ಬೆಳೆಗಾರರ ಅಂಗಳದಲ್ಲಿ, ಅಡಿಕೆ ಚಪ್ಪರದ ಕೆಳಗೆ. ಬೆಳಿಗ್ಗೆ ತ್ರೀ ಫೇಸ್ ಬರುವ ಹೊತ್ತಿಗೆ ಸರಿಯಾಗಿ ಶುರು ಮಾಡಿದೆವು. ನಾನು ಮಾತಾಡಿದ್ದು ಎರಡೇ ನಿಮಿಷ. ಒಂದು ಬೇಸಿಗೆ ಬಳಸಿದವರು ಮಾತಾಡಿದರು, ಸಿಡಿಲಿಗೆ ಬೋರ್ಡ್ ಹೋದವರೂ ಮಾತಾಡಿದರು, ಎಷ್ಟು ದಿನಕ್ಕೆ ಬದಲಾಯಿಸಿ ಕೊಟ್ಟೆವು ಎಂದು ಅವರೇ ಹೇಳಿದರು. ಆಮೇಲೆ ಎಲ್ಲರನ್ನೂ ಮೋಟರ್ ಶೆಡ್‌ಗೆ ಕರೆದುಕೊಂಡು ಹೋದೆವು. ನೀರು ಹೊಡೆಯುತ್ತಿರುವಾಗಲೇ ಮೆಕ್ಯಾನಿಕ್ ಒಂದು ಫೇಸಿನ ಫ್ಯೂಸ್ ಕಿತ್ತರು. ಒಂದೆರಡು ಸೆಕೆಂಡ್‌ನಲ್ಲಿ ಮೋಟರ್ ನಿಂತಿತು, ಮನೆಯವರ ಮೊಬೈಲ್‌ಗೆ ಸಂದೇಶ ಬಂತು. ಫ್ಯೂಸ್ ವಾಪಸ್ ಹಾಕಿ ಮಿಸ್ಡ್ ಕಾಲ್ ಕೊಟ್ಟರು, ಮತ್ತೆ ಓಡಿತು. ಜನ ಇನ್ನೊಂದು ಸಲ ಮಾಡಿ ಎಂದರು, ಮಾಡಿದೆವು. ಕೇಳಿದ ಪ್ರಶ್ನೆ ಎರಡೇ: ಸಿಡಿಲಿಗೆ ಏನಾಗುತ್ತೆ, ಕೆಟ್ಟರೆ ಯಾರು ಬರ್ತಾರೆ. ಎರಡಕ್ಕೂ ಉತ್ತರ ಕೊಡುವವರು ಅಲ್ಲೇ ನಿಂತಿದ್ದರು.

ನೂರೈವತ್ತು ಜನಕ್ಕೆ ಕೊಟ್ಟೆ ಕಡುಬು, ಕೇಸರಿಬಾತ್, ಮಜ್ಜಿಗೆ. ಕುರ್ಚಿ, ಮೈಕು ಸೇರಿ ಖರ್ಚು ಇಪ್ಪತ್ತೆರಡು ಸಾವಿರದ ಸುಮಾರು. ಆ ದಿನವೇ ಎಪ್ಪತ್ತು ಎಂಬತ್ತು ಜನ ಸಾವಿರ ರೂಪಾಯಿ ಮುಂಗಡ ಕೊಟ್ಟರು. ಆ ಬೇಸಿಗೆ ಮುಗಿಯುವ ಹೊತ್ತಿಗೆ ಆರುನೂರು ದಾಟಿತ್ತು. ಪುಕ್ಕಟೆ ಪೀಸು, ಸುಟ್ಟ ಬೋರ್ಡ್, ಪೆಟ್ರೋಲು, ಈ ಕಾರ್ಯಕ್ರಮ ಎಲ್ಲ ಸೇರಿಸಿದರೂ ಎರಡೂಕಾಲು ಲಕ್ಷ. ಪೀಸಿಗೆ ನಾನೂರು ರೂಪಾಯಿಯೂ ಬೀಳಲಿಲ್ಲ, ಮೆಕ್ಯಾನಿಕ್‌ನ ಐನೂರು ಬೇರೆ. ಬಿ.ಎಚ್. ರಸ್ತೆಯ ಅದೇ ಡೀಲರ್ ಈಗ ಇಪ್ಪತ್ತು ಇಪ್ಪತ್ತು ಪೀಸು ನಗದು ಕೊಟ್ಟು ಒಯ್ಯುತ್ತಾರೆ.

ಸದ್ಯ ಗೇಟ್ ವಾಲ್ವ್ ತಾನೇ ತಿರುಗಿಸುವ ಸಾಧನ ಮಾಡುತ್ತಿದ್ದೇವೆ. ಸ್ಪ್ರಿಂಕ್ಲರ್ ಲೈನ್ ಬದಲಾಯಿಸಲು ತೋಟ ಇಳಿದು ಹತ್ತುವುದು ತಪ್ಪುತ್ತದೆ. ಸಾಗರ, ಕೊಪ್ಪ ಸೇರಿ ಹದಿನೈದಿಪ್ಪತ್ತು ತೋಟಗಳಲ್ಲಿ ಇಟ್ಟಿದ್ದೇವೆ. ಪೈಪಿನಲ್ಲಿ ಬರುವ ಕೆಸರಿಗೆ ಗೇರ್ ಹಿಡಿಯುತ್ತಿದೆ, ಈ ಬೇಸಿಗೆ ಅದನ್ನೇ ಸರಿ ಮಾಡಬೇಕು. ಅದು ಸರಿಯಾಗುವವರೆಗೆ ಲಾಂಚ್ ದಿನಾಂಕ ಯಾರು ಕೇಳಿದರೂ ಹೇಳುವುದಿಲ್ಲ.