ಹನ್ನೆರಡು ಗ್ರಾಂ ಎಲ್ಲಿಂದ ಬಂತು?

ಗಾಂಜಾ ಕೇಸಿನಲ್ಲಿ ಶಿಕ್ಷೆಯಾದ ಹುಡುಗನ ತಾಯಿ ನನ್ನ ಆಫೀಸಿಗೆ ಬಂದಾಗ ತೀರ್ಪಾಗಿ 41 ದಿನ ಕಳೆದಿತ್ತು. ಹತ್ತು ವರ್ಷ ಕಠಿಣ ಸಜೆ, ಒಂದು ಲಕ್ಷ ದಂಡ. ಹೈಕೋರ್ಟಿಗೆ ಅಪೀಲು ಹಾಕಲು ಇರುವುದು 60 ದಿನ. ತೀರ್ಪಿನ ನಕಲಿಗೆ ಕಾದ ದಿನಗಳು ಲೆಕ್ಕಕ್ಕೆ ಬರುವುದಿಲ್ಲ, ತಡವಾದರೆ ಮನ್ನಾ ಕೇಳಬಹುದು, ಎಲ್ಲ ನಿಜ. ಅದನ್ನೇ ನಂಬಿ ಕೂತರೆ ಮಾತ್ರ ಕೆಟ್ಟೆವು.

"ಮೇಡಂ, ನನ್ನ ಮಗ ಅಂಥವನಲ್ಲ" ಅಂದರು.

"ಇರಬಹುದಮ್ಮ. ಆದರೆ ಅದನ್ನು ಅಪೀಲಿನಲ್ಲಿ ಬರೆಯೋಕಾಗಲ್ಲ. ಕೆಳಗಿನ ಕೋರ್ಟಿನ ಪೇಪರ್ ಎಲ್ಲಾ ತರಿಸೋಣ."

ಮೊದಲ ಕರಡಿನಲ್ಲಿ ನಾನೊಂದು ಪೆದ್ದು ಕೆಲಸ ಮಾಡಿದೆ. ಮಾದಕ ವಸ್ತುಗಳ ಕಾಯ್ದೆಯ, ಅಂದರೆ ಎನ್‌ಡಿಪಿಎಸ್ ಕಾಯ್ದೆಯ, 50ನೇ ಕಲಂ ಹಿಡಿದು ನಾಲ್ಕು ಪುಟ ಬರೆದೆ: ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಮುಂದೆ ಶೋಧ ಮಾಡಿಸಿಕೊಳ್ಳುವ ಹಕ್ಕಿದೆ ಅಂತ ಹುಡುಗನಿಗೆ ಹೇಳಿರಲಿಲ್ಲ ಅಂತ. ನನ್ನ ಸೀನಿಯರ್ ಓದಿ, "ಮಾಲು ಸಿಕ್ಕಿದ್ದು ಎಲ್ಲಿ?" ಅಂದರು. ಚೀಲದಲ್ಲಿ, ಸರ್. ನಾಲ್ಕೂ ಪುಟಕ್ಕೆ ಅಡ್ಡಗೆರೆ ಎಳೆದರು. 50ನೇ ಕಲಂ ಇರುವುದು ಮೈ ತಪಾಸಣೆಗೆ. ಕೈಯಲ್ಲಿದ್ದ ಚೀಲಕ್ಕೆ ಅದು ಅನ್ವಯಿಸಲ್ಲ ಅಂತ ಸುಪ್ರೀಂ ಕೋರ್ಟ್ 2005ರಲ್ಲೇ ಪವನ್ ಕುಮಾರ್ ಕೇಸಿನಲ್ಲಿ ಹೇಳಿಬಿಟ್ಟಿದೆ.

ಆಮೇಲೆ ಸುಮ್ನೆ ಕೂತು ಓದಿದೆ. ಎಡಗಡೆ ಮಹಜರು, ಬಲಗಡೆ ವಿಧಿವಿಜ್ಞಾನ ಲ್ಯಾಬಿನ (ಎಫ್‌ಎಸ್‌ಎಲ್) ವರದಿ, ಮಧ್ಯೆ ತನಿಖಾಧಿಕಾರಿಯ ಪಾಟಿ ಸವಾಲು. ಮಹಜರಿನಲ್ಲಿ, ಸ್ಥಳದಲ್ಲೇ 50 ಗ್ರಾಂನ ಎರಡು ಸ್ಯಾಂಪಲ್ ತೆಗೆದೆವು ಅಂತಿತ್ತು. ಲ್ಯಾಬಿಗೆ ತಲುಪಿದ ಎರಡೂ ಪೊಟ್ಟಣಗಳೊಳಗೆ ಇದ್ದದ್ದು ತಲಾ 62 ಗ್ರಾಂ. ಒಣಗಿದರೆ ತೂಕ ಇಳಿಯಬೇಕು, ಅಲ್ವಾ? ಇಲ್ಲಿ ಏರಿತ್ತು. ಮಾಲು 19 ದಿನ ಠಾಣೆಯಲ್ಲಿತ್ತು. ಆ ದಿನಗಳ ರಿಜಿಸ್ಟರ್ ಕೋರ್ಟಿಗೆ ಬಂದೇ ಇಲ್ಲ. ಹಾಕಿದ ಸೀಲಿನ ಮಾದರಿಯನ್ನು ಲ್ಯಾಬಿಗೆ ಕಳಿಸಿರಲಿಲ್ಲ. ಹಾಗಾದರೆ ಸೀಲು ಅದೇನಾ ಅಂತ ಅವರು ಯಾವುದರ ಜೊತೆ ಹೋಲಿಸಿ ನೋಡಿದರು?

ಇನ್ನೊಂದು ವಿಷಯ ಪಾಟಿ ಸವಾಲಿನ ಒಂದೇ ಸಾಲಿನಲ್ಲಿ ಅಡಗಿತ್ತು: "ಎಲೆ, ಕಾಂಡ, ಬೀಜ ಎಲ್ಲಾ ಸೇರಿಸಿ ಚೀಲದ ಸಮೇತ ತೂಗಿದೆವು ಎಂದರೆ ಸರಿ." ಒಟ್ಟು 21 ಕಿಲೋ 400 ಗ್ರಾಂ. ಗಾಂಜಾದಲ್ಲಿ ವಾಣಿಜ್ಯ ಪ್ರಮಾಣದ ಗೆರೆ ಇರುವುದು 20 ಕಿಲೋಗೆ. ಅದನ್ನು ದಾಟಿದರೆ ಕನಿಷ್ಠ ಹತ್ತು ವರ್ಷ, ದಾಟದಿದ್ದರೆ ಹತ್ತು ವರ್ಷ ಅನ್ನುವುದೇ ಗರಿಷ್ಠ. ಕಾಯ್ದೆ ಗಾಂಜಾ ಅನ್ನುವುದು ಗಿಡದಲ್ಲಿ ಹೂವೋ ಕಾಯೋ ಬಂದಿರುವ ತುದಿಗೆ. ತುದಿ ಜೊತೆಗಿಲ್ಲದ ಎಲೆ, ಬೀಜ ಲೆಕ್ಕಕ್ಕಿಲ್ಲ. ಬರೀ ತುದಿ ಎಷ್ಟಿತ್ತು ಅಂತ ಯಾರೂ ತೂಗಿರಲಿಲ್ಲ. ಟ್ರಯಲ್‌ನಲ್ಲಿ ಈ ಪ್ರಶ್ನೆ ಕೇಳಿದ್ದ ವಕೀಲರಿಗೆ ನಾನು ಇವತ್ತಿಗೂ ಋಣಿ. ಪಾಟಿ ಸವಾಲಿನಲ್ಲಿ ಕೇಳದೆ ಬಿಟ್ಟಿದ್ದನ್ನು ಅಪೀಲಿನಲ್ಲಿ ಹುಟ್ಟಿಸುವುದು ಬಹಳ ಕಷ್ಟ.

ಮ್ಯಾಜಿಸ್ಟ್ರೇಟ್ ಮುಂದೆ ಸ್ಯಾಂಪಲ್ ತೆಗೆಯಬೇಕೆನ್ನುವ 52ಎ ಕಲಮೂ ಪಾಲನೆಯಾಗಿರಲಿಲ್ಲ. ಅದೊಂದರಿಂದಲೇ ಖುಲಾಸೆ ಸಿಗಲ್ಲ. ಹಾಗಾಗಿ ಅದನ್ನು ಬೇರೆ ಅಂಶವಾಗಿ ಇಡದೆ 12 ಗ್ರಾಂ ಜೊತೆಗೇ ಕಟ್ಟಿದೆ.

ಶಿಕ್ಷೆ ಅಮಾನತಿನ ಅರ್ಜಿ ಮೊದಲ ಸಲ ವಜಾ ಆಯಿತು. ವಾಣಿಜ್ಯ ಪ್ರಮಾಣದ ಕೇಸಿನಲ್ಲಿ ಅಮಾನತಿಗೂ ಜಾಮೀನಿಗೆ ಇರುವ 37ನೇ ಕಲಮಿನ ಕಟ್ಟು ಅಡ್ಡ ಬರುತ್ತದೆ. ಅಪೀಲನ್ನೇ ಬೇಗ ಕೇಳಿ ಅಂತ ಅರ್ಜಿ ಹಾಕಿದೆ. ಆದರೂ ಸರದಿ ಬರುವಷ್ಟರಲ್ಲಿ ವರ್ಷದ ಮೇಲಾಯಿತು.

ವಾದಕ್ಕೆ ನಿಂತಾಗ ಮೂರೇ ಹಾಳೆ ಕೈಯಲ್ಲಿ ಹಿಡಿದಿದ್ದೆ. ನ್ಯಾಯಮೂರ್ತಿಗಳು ಮಹಜರು ತಿರುವಿ, ಲ್ಯಾಬ್ ವರದಿ ತಿರುವಿ, ಸರ್ಕಾರಿ ವಕೀಲರನ್ನು ಕೇಳಿದರು: "ಈ ಹನ್ನೆರಡು ಗ್ರಾಂ ಎಲ್ಲಿಂದ ಬಂತು?" ಅವರು ಟೈಪಿಂಗ್ ದೋಷ ಇರಬಹುದು ಅಂದರು. ಎರಡೂ ಸ್ಯಾಂಪಲ್‌ಗಾ?

ಸಂಶಯದ ಲಾಭ ಕೊಟ್ಟು ಖುಲಾಸೆ ಮಾಡಿದರು. ಬೇರೆ ಕೇಸಿನಲ್ಲಿ ಬೇಕಿಲ್ಲದಿದ್ದರೆ ತಕ್ಷಣ ಬಿಡುಗಡೆ ಅಂತ ಆದೇಶದಲ್ಲಿತ್ತು. ಆ "ತಕ್ಷಣ" ಜೈಲಿನ ಬಾಗಿಲು ಮುಟ್ಟಲು ಎರಡು ದಿನ ಹಿಡಿಯಿತು. ತಾಯಿ ಅಷ್ಟರಲ್ಲಿ ನನಗೆ ಹದಿನಾಲ್ಕು ಸಲ ಫೋನ್ ಮಾಡಿದ್ದರು.