ಸೊಂಟದ ಕೀಲು ಬದಲಿಸುವ ಮುನ್ನ: ಇಂಪ್ಲಾಂಟ್ ಆರಿಸುವುದು ಹೇಗೆ?

ಆಪರೇಷನ್ ನಿಕ್ಕಿಯಾದ ಮೇಲೆ ಕೈಗೊಂದು ಎಸ್ಟಿಮೇಟ್ ಬರುತ್ತದೆ. ಅದರಲ್ಲಿ 'ಇಂಪೋರ್ಟೆಡ್', 'ಪ್ರೀಮಿಯಂ' ಅಂತಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳೇ ಬೇರೆ.

ಮೊದಲು ಭಾಗಗಳು ಗೊತ್ತಿರಲಿ. ತೊಡೆಮೂಳೆಯೊಳಗೆ ಇಳಿಯುವುದು ಸ್ಟೆಮ್. ಅದರ ತುದಿಯ ಚೆಂಡು ಹೆಡ್. ಸೊಂಟದ ಗುಳಿಯಲ್ಲಿ ಕೂರುವುದು ಕಪ್, ಅದರೊಳಗಿನ ಪದರ ಲೈನರ್.

ಮೊದಲ ಪ್ರಶ್ನೆ: ಸಿಮೆಂಟ್ ಹಾಕ್ತೀರಾ? ಇದು ಇಂಪ್ಲಾಂಟನ್ನು ಮೂಳೆಗೆ ಹಿಡಿಸುವ ಅಕ್ರಿಲಿಕ್ ಸಿಮೆಂಟ್. ಸಿಮೆಂಟ್ ಇಲ್ಲದ ಸ್ಟೆಮ್‌ನ ಮೈ ಒರಟಾಗಿರುತ್ತದೆ, ಮೂಳೆಯೇ ಅದಕ್ಕೆ ಬೆಳೆದು ಅಂಟಿಕೊಳ್ಳುತ್ತದೆ. ಆದರೆ ಅದನ್ನು ಬಿಗಿಯಾಗಿ ಬಡಿದು ಕೂರಿಸಬೇಕು. ವಯಸ್ಸಾದವರ ಟೊಳ್ಳು ಮೂಳೆ ಆ ಬಿಗಿಗೆ ಸೀಳು ಬಿಡಬಹುದು. ಅಂಥವರಿಗೆ ಸಾಮಾನ್ಯವಾಗಿ ಸಿಮೆಂಟೇ ವಾಸಿ. ಸಿಮೆಂಟ್ ಅಂದ್ರೆ ಹಳೇ ಕಾಲದ್ದು ಅಂತ ಮೂಗು ಮುರಿಯಬೇಡಿ.

ಎರಡನೆಯದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು: ಯಾವುದಕ್ಕೆ ಯಾವುದು ಉಜ್ಜುತ್ತದೆ? ಇಂಗ್ಲೆಂಡಿನ ಸರ್ಜನ್ ಜಾನ್ ಚಾರ್ನ್ಲಿ ಮೊದಲು ಟೆಫ್ಲಾನ್ ಕಪ್ ಹಾಕಿ ನೋಡಿದರು. ಕೆಲವೇ ವರ್ಷದಲ್ಲಿ ಸವೆದು ಹೋಯಿತು. 1962ರಲ್ಲಿ ಪಾಲಿಎಥಿಲೀನ್ ಅನ್ನುವ ಪ್ಲಾಸ್ಟಿಕ್ಕಿನ ಕಪ್ಪಿಗೆ ಬಂದರು. ಅದರಲ್ಲಿ ತಿರುಗಿದ್ದು 22.225 ಮಿ.ಮೀ.ನ ಉಕ್ಕಿನ ಚೆಂಡು. ಇಂದಿನ ಕೀಲುಗಳ ಮೂಲ ಅದೇ. ಆ ಪ್ಲಾಸ್ಟಿಕ್ಕೂ ನಿಧಾನವಾಗಿ ಸವೆಯುತ್ತದೆ. ಆ ಪುಡಿಯಿಂದ ಸುತ್ತಲಿನ ಮೂಳೆ ಕರಗಿ ಕೀಲು ಸಡಿಲವಾಗುತ್ತದೆ. 1990ರ ದಶಕದ ಕೊನೆಗೆ ಬಂದ ಹೈಲಿ ಕ್ರಾಸ್‌ಲಿಂಕ್ಡ್ ಪಾಲಿಎಥಿಲೀನ್ ತುಂಬಾ ಕಡಿಮೆ ಸವೆಯುತ್ತದೆ. ಲೈನರ್ ಅದೇನಾ ಅಂತ ಕೇಳಿ. ಅದರ ಮೇಲೆ ಸೆರಾಮಿಕ್ ಹೆಡ್ ಇದ್ದರೆ ಬಹಳ ಜನಕ್ಕೆ ಸಾಕು. ಎರಡೂ ಸೆರಾಮಿಕ್ ಆದರೆ ಸವೆತ ಇನ್ನೂ ಕಡಿಮೆ. ಆದರೆ ಕೆಲವರಿಗೆ ನಡೆಯುವಾಗ ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರ್ ಅನ್ನುತ್ತದೆ, ಅಪರೂಪಕ್ಕೆ ಒಡೆಯುವುದೂ ಉಂಟು.

ಲೋಹಕ್ಕೆ ಲೋಹ ಉಜ್ಜುವ ಕೀಲು ಬೇಡ. ಡೆಪ್ಯೂ ಕಂಪನಿಯ ಎಎಸ್‌ಆರ್ ಕೀಲನ್ನು 2010ರಲ್ಲಿ ಜಗತ್ತಿನಾದ್ಯಂತ ವಾಪಸ್ ಪಡೆಯಲಾಯಿತು. ಸವೆದ ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರುತ್ತಿತ್ತು. ಭಾರತದಲ್ಲೂ ಹಲವರಿಗೆ ಅದನ್ನು ಹಾಕಿದ್ದರು. ಹೊಸದು ಅಂದ ಮಾತ್ರಕ್ಕೆ ಒಳ್ಳೆಯದಲ್ಲ, ಅಲ್ವಾ?

ಹೆಡ್ ಅಳತೆಯನ್ನೂ ಕೇಳಿ: 28, 32, 36 ಮಿ.ಮೀ. ಸಾಮಾನ್ಯ. ದೊಡ್ಡದಾದಷ್ಟೂ ಕೀಲು ತಪ್ಪುವುದು ಕಡಿಮೆ, ಆದರೆ ಅದೇ ಕಪ್ಪಿನಲ್ಲಿ ಲೈನರ್ ತೆಳುವಾಗುತ್ತದೆ. ಕೀಲು ತಪ್ಪುವ ಭಯ ಜಾಸ್ತಿ ಇದ್ದವರಿಗೆ ಫ್ರಾನ್ಸಿನಲ್ಲಿ ಹುಟ್ಟಿದ ಡ್ಯುಯಲ್ ಮೊಬಿಲಿಟಿ ಕಪ್ ಇದೆ, ಅದರಲ್ಲಿ ಹೆಡ್ ಲೈನರ್‌ನೊಳಗೂ, ಲೈನರ್ ಕಪ್ಪಿನೊಳಗೂ ತಿರುಗುತ್ತದೆ. ಚಕ್ಕಂಬಕ್ಕಲ ಹಾಕಿ ಕೂರಬಹುದಾ, ಇಂಡಿಯನ್ ಟಾಯ್ಲೆಟ್ ಬಳಸಬಹುದಾ ಅನ್ನುವುದಕ್ಕೆ ಬ್ರೋಷರ್ ನಂಬಬೇಡಿ, ಸರ್ಜನ್ ಮಾತು ಕೇಳಿ.

ಕೊನೆಗೆ ಇಂಪ್ಲಾಂಟ್‌ನ ಚರಿತ್ರೆ. ಸ್ಟೆಮ್, ಕಪ್ ಎರಡರ ಮಾಡೆಲ್ ಹೆಸರನ್ನೂ ಬರೆಸಿಕೊಳ್ಳಿ. ಬ್ರಿಟನ್ನಿನ ಒಡೆಪ್ ಸಂಸ್ಥೆ ಇಂಪ್ಲಾಂಟ್‌ಗಳಿಗೆ 10ಎ, 15ಎ ಅಂತ ರೇಟಿಂಗ್ ಕೊಡುತ್ತದೆ. ಅಂಕಿ ಎಷ್ಟು ವರ್ಷದ ಪುರಾವೆ ಇದೆ ಅನ್ನುವುದನ್ನು ತೋರಿಸುತ್ತದೆ. 'ಸರ್, ನೀವು ಹೆಚ್ಚಾಗಿ ಹಾಕೋದು ಯಾವುದು?' ಅಂತಲೂ ಕೇಳಿ. ಕೈ ಪಳಗಿದ ಮಾಡೆಲ್ಲಿಗೆ ಬೆಲೆಗಿಂತ ತೂಕ ಜಾಸ್ತಿ.

ಡಿಸ್ಚಾರ್ಜ್ ದಿನ ಇಂಪ್ಲಾಂಟ್ ಸ್ಟಿಕರ್‌ಗಳ ಫೋಟೊ ತೆಗೆದುಕೊಳ್ಳಿ. ಮಾಡೆಲ್, ಅಳತೆ, ಲಾಟ್ ನಂಬರ್ ಎಲ್ಲ ಅದರಲ್ಲಿರುತ್ತದೆ. ಮುಂದೆ ಲೈನರ್ ಒಂದನ್ನೇ ಬದಲಿಸಬೇಕಾದರೂ ಸರ್ಜನ್ ಮೊದಲು ಕೇಳುವುದು ಅದನ್ನೇ.